ಮನೆ ಕಂಪ್ಯೂಟರಿಗೆ ಯಾವ ಜಿಪ್ ಸಾಫ್ಟ್‌ವೇರ್ ಬೇಕು? ಮೊದಲು ಡಿಸ್ಕಿನಲ್ಲಿ ಏನಿದೆ ನೋಡಿ

ಶಿರಸಿ ಕಡೆ ಯಾರ ಮನೆಗೆ ಕಂಪ್ಯೂಟರ್ ನೋಡಿಕೊಡಲು ಹೋದರೂ ಈ ಪ್ರಶ್ನೆ ಬಂದೇ ಬರುತ್ತದೆ. "ಡಿಸ್ಕ್ ತುಂಬಿ ಹೋಗಿದೆ. ಎಲ್ಲ ಜಿಪ್ ಮಾಡಿಟ್ಟರೆ ಜಾಗ ಆಗ್ತದಲ್ವಾ?" ಅದರ ಬೆನ್ನಿಗೇ ಇನ್ನೊಂದು. "ಹಾಗಾದ್ರೆ ಯಾವ ಸಾಫ್ಟ್‌ವೇರ್ ಹಾಕ್ಬೇಕು?"

ಜಿಪ್ ಮಾಡುವುದೆಂದರೆ ಫೈಲುಗಳನ್ನು ಹಿಂಡಿ ಚಿಕ್ಕದಾಗಿಸಿ ಒಂದೇ ಕಟ್ಟಾಗಿ ಕಟ್ಟಿಡುವುದು. ಎರಡನೇ ಪ್ರಶ್ನೆಗೆ ಉತ್ತರ ಸುಲಭ. ವಿಂಡೋಸ್ ಜೊತೆಗೇ ಬರುವ ಜಿಪ್ ಸೌಲಭ್ಯ ಹೆಚ್ಚಿನ ಮನೆಗಳಿಗೆ ಸಾಕು. ಅದರ ಪಕ್ಕಕ್ಕೆ 7-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಇದ್ದರೆ ಮುಗಿಯಿತು. ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಆದರೆ ಮೊದಲ ಪ್ರಶ್ನೆಯಲ್ಲಿ ಒಂದು ತಪ್ಪು ನಿರೀಕ್ಷೆ ಇದೆ. ಅದನ್ನು ಬಿಡಿಸಿಕೊಳ್ಳದೆ ಸಾಫ್ಟ್‌ವೇರ್ ಆರಿಸಲು ಕೂತರೆ "ಇದು ಅದಕ್ಕಿಂತ ಜಾಸ್ತಿ ಚಿಕ್ಕದು ಮಾಡ್ತದಂತೆ" ಎಂಬ ಮಾತಿನಲ್ಲೇ ಸಮಯ ಹೋಗುತ್ತದೆ. ಮನೆ ಬಳಕೆಗೆ ಅದು ಕೊನೆಯಲ್ಲಿ ನೋಡಬೇಕಾದ ಸಂಗತಿ. ಮೊದಲು ನೋಡಬೇಕಾದ್ದು ಬೇರೆ: ಇವತ್ತು ಕಟ್ಟಿಟ್ಟ ಫೈಲು ಹತ್ತು ವರ್ಷದ ಮೇಲೆ ತೆರೆಯುತ್ತದಾ? ಬೆಂಗಳೂರಿನಲ್ಲಿರುವ ಮಗಳ ಕಂಪ್ಯೂಟರಿನಲ್ಲಿ, ಕಾರವಾರದ ಭಾವನ ಫೋನಿನಲ್ಲಿ ತೆರೆಯುತ್ತದಾ?

ಜಿಪ್ ಮಾಡಿದರೂ ಜಾಗ ಯಾಕೆ ಸಿಗುವುದಿಲ್ಲ

ನಿಮ್ಮ ಡಿಸ್ಕನ್ನೇ ಒಮ್ಮೆ ತೆರೆದು ನೋಡಿ. ಜಾಗ ತಿಂದಿರುವುದು ಯಾವುದು? ಫೋನಿನಿಂದ ಇಳಿಸಿದ ಫೋಟೋಗಳು. ಮದುವೆ, ಉಪನಯನದ ವಿಡಿಯೋ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಯಲ್ಲಿ ತೆಗೆದ ನೂರಾರು ಚಿತ್ರಗಳು. ಎಂಪಿ3 ಹಾಡುಗಳು, ಯಕ್ಷಗಾನ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಇವೆಲ್ಲ ಹುಟ್ಟುವಾಗಲೇ ಹಿಂಡಿಸಿಕೊಂಡು ಬಂದಿರುತ್ತವೆ.

ಫೋನು ಫೋಟೋ ತೆಗೆದ ಕ್ಷಣದಲ್ಲೇ ಅದನ್ನು ಸಾಮಾನ್ಯವಾಗಿ ಜೆಪೆಗ್ ಆಗಿ ಉಳಿಸುತ್ತದೆ. 1992ರಲ್ಲಿ ಬಂದ ಈ ಜೆಪೆಗ್ ಪದ್ಧತಿ, ಕಣ್ಣಿಗೆ ಸುಲಭವಾಗಿ ಗೊತ್ತಾಗದ ವಿವರಗಳನ್ನು ಬಿಟ್ಟುಬಿಡುತ್ತದೆ. ಉಳಿದದ್ದನ್ನು ಬಿಗಿಯಾಗಿ ಜೋಡಿಸುತ್ತದೆ. ಎಂಪಿ3 ಅದನ್ನೇ ಕಿವಿಯ ಲೆಕ್ಕದಲ್ಲಿ ಮಾಡುತ್ತದೆ. ವಿಡಿಯೋ ಇನ್ನೂ ಮುಂದೆ ಹೋಗುತ್ತದೆ: ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಬದಲಾದ ಭಾಗವನ್ನೇ ಹೆಚ್ಚಾಗಿ ಬರೆದಿಡುತ್ತದೆ. ಹೀಗೆ ಹಿಂಡಿ ಮುಗಿದ ಫೈಲಿನಲ್ಲಿ ಇನ್ನೂ ಹಿಂಡಲು ಏನೂ ಉಳಿದಿರುವುದಿಲ್ಲ. ಫೋಟೋಗಳ ಫೋಲ್ಡರನ್ನು ಜಿಪ್ ಮಾಡಿದರೆ ನೂರರಲ್ಲಿ ಒಂದೆರಡು ಪಾಲು ಕಡಿಮೆಯಾದರೆ ದೊಡ್ಡದು. ಕೆಲವು ಸಲ ಒಂದಿಷ್ಟು ಹೆಚ್ಚೇ ಆಗುವುದೂ ಉಂಟು.

ವರ್ಡ್, ಎಕ್ಸೆಲ್ ಫೈಲುಗಳ ಕತೆ ಇನ್ನೂ ಸೊಗಸು. ಆಫೀಸ್ 2007ರಿಂದ ಈಚೆ ಬಂದ ಡಾಕ್‌ಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲುಗಳು ಒಳಗೆ ಜಿಪ್ಪೇ. ನಂಬಿಕೆ ಬರದಿದ್ದರೆ ಒಂದು ವರ್ಡ್ ಫೈಲಿನ ಪ್ರತಿ ಮಾಡಿಕೊಳ್ಳಿ. ಹೆಸರಿನ ಕೊನೆಯ ಡಾಕ್‌ಎಕ್ಸ್ ತೆಗೆದು ಜಿಪ್ ಎಂದು ಬರೆದು ತೆರೆಯಿರಿ. ಒಳಗೆ ಸಣ್ಣ ಸಣ್ಣ ಫೈಲುಗಳು, ನೀವು ಹಾಕಿದ ಚಿತ್ರಗಳು ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಈಗಾಗಲೇ ಜಿಪ್ ಆದದ್ದನ್ನು ಮತ್ತೆ ಜಿಪ್ ಮಾಡಿದರೆ ಏನು ಬಂದೀತು?

ಹಾಗಾದರೆ ಚಿಕ್ಕದಾಗುವುದು ಯಾವುದು? ಬರೀ ಅಕ್ಷರದ ಫೈಲುಗಳು. 2007ಕ್ಕಿಂತ ಹಿಂದಿನ ಡಾಕ್, ಎಕ್ಸ್‌ಎಲ್‌ಎಸ್ ಫೈಲುಗಳು. ಅಡಿಕೆ ಮಾರಾಟದ ಲೆಕ್ಕವನ್ನು ಸಾಲುಸಾಲಾಗಿ ಹೊರತೆಗೆದ ಸಿಎಸ್‌ವಿ ಫೈಲು. ಸ್ಕ್ಯಾನರಿನಿಂದ ಬಿಎಂಪಿ ಅಥವಾ ಹಿಂಡದ ಟಿಫ್ ಆಗಿ ಉಳಿಸಿದ ಹಳೆಯ ದಸ್ತಾವೇಜುಗಳು. ಇವು ಅರ್ಧಕ್ಕೆ, ಕಾಲು ಪಾಲಿಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತವೆ. ಆದರೆ ಸಾಮಾನ್ಯ ಮನೆಯ ಡಿಸ್ಕಿನಲ್ಲಿ ಇವೆಲ್ಲ ಸೇರಿ ಹಿಡಿದಿರುವ ಜಾಗವೇ ಸ್ವಲ್ಪ. ಜಾಗ ಬೇಕಾದವರು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತರುವುದು, ಎರಡೆರಡು ಸಲ ಇಳಿಸಿದ ಫೋಟೋ ಮತ್ತು ವಾಟ್ಸಾಪಿನ ಫಾರ್ವರ್ಡ್ ವಿಡಿಯೋಗಳನ್ನು ಅಳಿಸುವುದು ಒಳ್ಳೆಯದು.

ಮತ್ತೆ ಜಿಪ್ ಯಾಕೆ ಬೇಕು? ಐನೂರು ಫೈಲನ್ನು ಒಂದೇ ಫೈಲಾಗಿ ಕಟ್ಟಿ ಕಳಿಸಲು. ಬೇರೆಯವರು ಕಳಿಸಿದ ಕಟ್ಟನ್ನು ಬಿಚ್ಚಲು. ಗುಟ್ಟಿನ ಕಾಗದಗಳಿಗೆ ಬೀಗ ಹಾಕಲು. ಒಳಗಿನ ಫೈಲು ಹಾಳಾಗಿಲ್ಲ ಎಂದು ಪರೀಕ್ಷಿಸಿಕೊಳ್ಳಲು. ನನ್ನ ಪ್ರಕಾರ ಮನೆಗೆ ಈ ನಾಲ್ಕೇ ಮುಖ್ಯ. ಸಾಫ್ಟ್‌ವೇರನ್ನು ಇವುಗಳ ಮೇಲೆ ಅಳೆಯಬೇಕು.

ಒಳಗೆ ನಡೆಯುವುದೇನು

ಇದನ್ನು ಒಮ್ಮೆ ತಿಳಿದುಕೊಂಡರೆ ಸಾಫ್ಟ್‌ವೇರಿನ ಗುಂಡಿಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಭಜನೆ ಪುಸ್ತಕ ನೋಡಿದ್ದೀರಲ್ವಾ? ಪಲ್ಲವಿಯನ್ನು ಮೇಲೆ ಒಮ್ಮೆ ಪೂರ್ತಿ ಬರೆದಿರುತ್ತಾರೆ. ಆಮೇಲೆ ಪ್ರತಿ ಚರಣದ ಕೊನೆಗೆ ಪಲ್ಲವಿಯ ಮೊದಲ ಶಬ್ದ ಬರೆದು ಚುಕ್ಕಿ ಇಡುತ್ತಾರೆ. ಹಾಡುವವರಿಗೆ ಅಷ್ಟು ಸಾಕು, ಮೇಲೆ ನೋಡಿ ಪೂರ್ತಿ ಹಾಡುತ್ತಾರೆ. ಒಂದಕ್ಷರವೂ ಕಳೆಯಲಿಲ್ಲ, ಕಾಗದ ಮಾತ್ರ ಉಳಿಯಿತು. ಜಿಪ್ ಮಾಡುವ ಮುಖ್ಯ ಕೆಲಸ ಇದೇ. ಫೈಲನ್ನು ಓದುತ್ತಾ ಹೋಗುತ್ತದೆ. ಹಿಂದೆ ಬಂದ ಭಾಗವೇ ಮತ್ತೆ ಬಂದರೆ ಅದನ್ನು ಬರೆಯುವುದಿಲ್ಲ. "ಇಷ್ಟು ಹಿಂದೆ ಹೋಗು, ಅಲ್ಲಿಂದ ಇಷ್ಟು ತೆಗೆದುಕೋ" ಎಂದು ಎರಡು ಸಂಖ್ಯೆ ಬರೆಯುತ್ತದೆ. ಈ ಉಪಾಯವನ್ನು 1977ರಲ್ಲಿ ಪ್ರಕಟಿಸಿದವರು ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್. ಅವರ ಹೆಸರಿನ ಮೊದಲಕ್ಷರ, ವರ್ಷ ಸೇರಿಸಿ ಇದಕ್ಕೆ ಎಲ್‌ಜೆಡ್77 ಎನ್ನುತ್ತಾರೆ.

ಎರಡನೇ ಹಂತ ಇನ್ನೂ ಹಳೆಯದು. ಪದೇ ಪದೇ ಬರುವ ಚಿಹ್ನೆಗೆ ಗಿಡ್ಡ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ಹಾಗೆ ಮಾಡಿದರೆ ಒಟ್ಟು ಉದ್ದ ಕಡಿಮೆ. ಇದನ್ನು ಅತ್ಯಂತ ಚೊಕ್ಕವಾಗಿ ಮಾಡುವ ದಾರಿ ಕಂಡುಹಿಡಿದವರು ಡೇವಿಡ್ ಹಫ್‌ಮನ್. ಆಗ ಅವರು ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿ. ಪರೀಕ್ಷೆಯ ಬದಲು ಪ್ರಬಂಧ ಬರೆಯಬಹುದು ಎಂದು ಮೇಷ್ಟ್ರು ಹೇಳಿದ್ದಕ್ಕೆ ಈ ಲೆಕ್ಕ ಹಿಡಿದು ಕೂತರು. ಅದು 1952ರಲ್ಲಿ ಅಚ್ಚಾಯಿತು. ಇವತ್ತಿಗೂ ನಿಮ್ಮ ಜಿಪ್ ಫೈಲಿನೊಳಗೆ, ಜೆಪೆಗ್ ಫೋಟೋದೊಳಗೆ ಆ ವಿದ್ಯಾರ್ಥಿಯ ಲೆಕ್ಕ ಓಡುತ್ತಿದೆ.

ಈ ಎರಡನ್ನೂ ಸೇರಿಸಿದ ಪದ್ಧತಿ ಡಿಫ್ಲೇಟ್. 1989ರಲ್ಲಿ ಜಿಪ್ ಎಂಬ ಫೈಲು ಬಗೆಯನ್ನು ಹೊರತಂದ ಫಿಲ್ ಕ್ಯಾಟ್ಜ್ ಇದನ್ನೂ ರೂಪಿಸಿದವರು. ಜಿಪ್‌ನ ರಚನೆ ಹೇಗಿದೆ ಎಂದು ಎಲ್ಲರಿಗೂ ತೆರೆದಿಟ್ಟಿದ್ದರಿಂದಲೇ ಇವತ್ತು ಪ್ರಪಂಚದ ಯಾವ ಕಂಪ್ಯೂಟರಿನಲ್ಲೂ ಅದು ತೆರೆಯುತ್ತದೆ.

ಡಿಫ್ಲೇಟ್‌ಗೆ ಒಂದು ಮಿತಿ ಇದೆ. ಅದು ಹಿಂದೆ ತಿರುಗಿ ನೋಡುವುದು 32 ಕೆಬಿಯಷ್ಟು ದೂರ ಮಾತ್ರ. ಅದಕ್ಕಿಂತ ಹಿಂದೆ ಅದೇ ಸಾಲು ಬಂದಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಇಗೋರ್ ಪಾವ್ಲೊವ್ ಎಂಬ ರಷ್ಯಾದ ಪ್ರೋಗ್ರಾಮರ್ 1999ರಲ್ಲಿ ಹೊರತಂದ 7-ಜಿಪ್‌ನಲ್ಲಿ ಎಲ್‌ಜೆಡ್‌ಎಂಎ ಎಂಬ ಪದ್ಧತಿ ಇದೆ. ಅದು ಹತ್ತಾರು ಎಂಬಿ, ಬೇಕೆಂದರೆ ಇನ್ನೂ ದೂರ ಹಿಂದಕ್ಕೆ ನೋಡುತ್ತದೆ. ಸಾಫ್ಟ್‌ವೇರಿನಲ್ಲಿ "ಡಿಕ್ಷನರಿ ಸೈಜ್" ಎಂದು ಕಾಣುವುದು ಈ ದೂರವೇ. ಅದಕ್ಕೇ 7-ಜಿಪ್‌ನ ಸ್ವಂತ ಬಗೆಯಾದ 7ಜೆಡ್ ಫೈಲು ಜಿಪ್‌ಗಿಂತ ಚಿಕ್ಕದಾಗುವುದು. ಆದರೆ ದೂರ ನೋಡಲು ಮೆಮೊರಿ ಬೇಕು. ಕಟ್ಟುವಾಗ ಡಿಕ್ಷನರಿಯ ಸುಮಾರು ಹತ್ತು ಪಟ್ಟು ರ‍್ಯಾಮ್ ಬೇಕಾಗುತ್ತದೆ. ನಾಲ್ಕು ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರಿನಲ್ಲಿ ಡಿಕ್ಷನರಿ ಏರಿಸಿದರೆ ಯಂತ್ರ ಒದ್ದಾಡುತ್ತದೆ.

ಇನ್ನು ನಮ್ಮ ಕನ್ನಡದ ವಿಷಯ. ಇದು ನನಗೆ ತುಂಬ ಇಷ್ಟದ ಸಂಗತಿ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. 'ಕಾ' ಎಂದರೆ ಕ ಒಂದು, ದೀರ್ಘದ ಗುರುತು ಒಂದು, ಒಟ್ಟು ಆರು ಬೈಟ್. ಆದರೆ ಆ ಮೂರರಲ್ಲಿ ಮೊದಲ ಬೈಟ್ ಎಲ್ಲ ಕನ್ನಡ ಚಿಹ್ನೆಗೂ ಒಂದೇ. ಎರಡನೆಯದರಲ್ಲಿ ಇರುವುದು ಎರಡೇ ಬಗೆ. ನಿಜವಾಗಿ ಅಕ್ಷರ ಯಾವುದು ಎಂದು ಹೇಳುವುದು ಹೆಚ್ಚು ಕಡಿಮೆ ಮೂರನೆಯದು. ಅಂದರೆ ಕನ್ನಡ ಬರಹದಲ್ಲಿ ಒಂದೇ ಬೈಟು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಹಿಂಡುವ ಸಾಫ್ಟ್‌ವೇರಿಗೆ ಬೇಕಾದ್ದು ಅದೇ. ಅಜ್ಜ ಬರೆದಿಟ್ಟ ಪ್ರಸಂಗದ ಪದ್ಯಗಳನ್ನು, ಊರ ದೇವಸ್ಥಾನದ ವಾರ್ಷಿಕ ವರದಿಗಳನ್ನು ನೀವು ಬರೀ ಅಕ್ಷರದ ಫೈಲಾಗಿ ಟೈಪ್ ಮಾಡಿಟ್ಟಿದ್ದರೆ ಜಿಪ್ ಮಾಡಿ ನೋಡಿ. ಎಷ್ಟು ಇಳಿಯಿತೆಂದು ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಕಾಣುತ್ತದೆ.

"ಯಾವ ಫೈಲನ್ನಾದರೂ ಹತ್ತನೇ ಒಂದು ಭಾಗಕ್ಕೆ ಇಳಿಸುತ್ತೇವೆ" ಎಂಬ ಜಾಹೀರಾತು ಕಂಡರೆ ನಂಬಬೇಡಿ. ಅದು ಆಗದ ಮಾತು ಎಂದು ಲೆಕ್ಕವೇ ಹೇಳುತ್ತದೆ. ಹತ್ತು ಬಿಟ್ ಉದ್ದದ ಫೈಲುಗಳು ಒಟ್ಟು 1024 ಬಗೆ. ಅದಕ್ಕಿಂತ ಗಿಡ್ಡ ಫೈಲುಗಳು, ಖಾಲಿ ಫೈಲನ್ನೂ ಸೇರಿಸಿ, 1023 ಮಾತ್ರ. ಎಲ್ಲ 1024ನ್ನೂ ಗಿಡ್ಡ ಮಾಡಿದರೆ ಎಲ್ಲೋ ಎರಡು ಫೈಲು ಒಂದೇ ಆಗಿಬಿಡುತ್ತವೆ. ಬಿಚ್ಚುವಾಗ ಯಾವುದು ಯಾವುದೆಂದು ಹೇಳುವುದು ಹೇಗೆ? ಕೆಲವು ಚಿಕ್ಕದಾದರೆ ಬೇರೆ ಕೆಲವು ಚಿಕ್ಕದಾಗದೆ ಉಳಿಯಲೇಬೇಕು.

ಈಗ ಸಾಫ್ಟ್‌ವೇರ್

ವಿಂಡೋಸ್‌ನಲ್ಲಿ ಏನೂ ಹಾಕದೆಯೇ ಜಿಪ್ ಮಾಡಬಹುದು, ಬಿಚ್ಚಬಹುದು. ಎಕ್ಸ್‌ಪಿ ಕಾಲದಿಂದಲೂ ಇದೆ. ವಿಂಡೋಸ್ 11ಕ್ಕೆ 2023ರ ಅಪ್‌ಡೇಟ್‌ನಲ್ಲಿ ರಾರ್ (ವಿನ್‌ರಾರ್ ಎಂಬ ಸಾಫ್ಟ್‌ವೇರ್ ಕಟ್ಟುವ ಬಗೆ), 7ಜೆಡ್ ಬಿಚ್ಚುವ ಶಕ್ತಿಯೂ ಬಂತು. 2024ರ ಅಪ್‌ಡೇಟ್ ಆದ ಮೇಲೆ 7ಜೆಡ್ ಕಟ್ಟಲೂಬಹುದು. ಮ್ಯಾಕ್‌ನಲ್ಲೂ ಜಿಪ್ ಸೌಲಭ್ಯ ಹುಟ್ಟಿನಿಂದಲೇ ಇದೆ. ಲಿನಕ್ಸ್‌ನವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ, ಅಲ್ಲಿ ಎಲ್ಲ ಇದೆ. ಐಫೋನಿನ ಫೈಲ್ಸ್ ಆ್ಯಪ್, ಆಂಡ್ರಾಯ್ಡಿನ ಗೂಗಲ್ ಫೈಲ್ಸ್ ಆ್ಯಪ್ ಎರಡೂ ಜಿಪ್ ಬಿಚ್ಚುತ್ತವೆ. ಹಾಗಾಗಿ ಬೇರೆಯವರಿಗೆ ಕಳಿಸುವ ಕಟ್ಟು ಯಾವತ್ತೂ ಜಿಪ್ ಆಗಿರಲಿ. ಎರಡು ಎಂಬಿ ಉಳಿಯಿತೆಂದು 7ಜೆಡ್ ಮಾಡಿ ಕಳಿಸಿದರೆ, ಆ ಕಡೆಯ ಅತ್ತೆ "ಇದು ತೆರೀತಿಲ್ಲ ಮಾರಾಯಾ" ಎಂದು ಫೋನ್ ಮಾಡುತ್ತಾರೆ.

ವಿಂಡೋಸ್‌ನ ಸ್ವಂತ ಸೌಲಭ್ಯದಲ್ಲಿ ಕೊರತೆಯೂ ಇದೆ. ಜಿಪ್‌ಗೆ ಪಾಸ್‌ವರ್ಡ್ ಹಾಕಲು ಬರುವುದಿಲ್ಲ. ದೊಡ್ಡ ಕಟ್ಟನ್ನು ತುಂಡು ಮಾಡಲು ಬರುವುದಿಲ್ಲ. ಸಾವಿರಾರು ಸಣ್ಣ ಫೈಲಿದ್ದರೆ ಬಿಚ್ಚಲು ನಿಧಾನ. ಇಲ್ಲಿಗೆ 7-ಜಿಪ್ ಬೇಕು. ಅದು ಉಚಿತ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಜಾಹೀರಾತು ಇಲ್ಲ, ಗಾತ್ರ ಒಂದೆರಡು ಎಂಬಿ ಅಷ್ಟೇ. ಮುಖ ನೋಡಿದರೆ ಹಳೆಯ ಕಾಲದ ಸಾಫ್ಟ್‌ವೇರಿನಂತೆ ಕಾಣುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜಿಪ್, ರಾರ್, 7ಜೆಡ್, ಟಾರ್, ಐಎಸ್‌ಒ ಏನು ಕೊಟ್ಟರೂ ಬಿಚ್ಚುತ್ತದೆ. ಇನ್ನೂ ಚೆಂದದ ಮುಖ ಬೇಕೆನ್ನುವವರಿಗೆ ಪೀಜಿಪ್ ಇದೆ. 7-ಜಿಪ್‌ನ ಕೋಡನ್ನೇ ಆಧರಿಸಿದ ನಾನಾಜಿಪ್ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಸಿಗುತ್ತದೆ. ಎರಡೂ ಉಚಿತ, ಎರಡೂ ಒಳ್ಳೆಯವು.

ವಿನ್‌ರಾರ್ ಬಗ್ಗೆ ಬೇರೆಯಾಗಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅದು ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ. ಅಂಗಡಿಯಲ್ಲಿ ವಿಂಡೋಸ್ ಹಾಕಿಕೊಡುವಾಗಲೇ ಅದನ್ನೂ ಹಾಕಿಬಿಡುತ್ತಾರೆ. ರಾರ್ ಪದ್ಧತಿಯನ್ನು 1993ರಲ್ಲಿ ರೂಪಿಸಿದವರು ಯೂಜೀನ್ ರೊಶಾಲ್. ವಿನ್‌ರಾರ್ ಉಚಿತವಲ್ಲ. 40 ದಿನ ಪರೀಕ್ಷೆಗೆ ಬಳಸಬಹುದು, ಆಮೇಲೆ ಕೊಂಡುಕೊಳ್ಳಬೇಕು. ದಿನ ಮುಗಿದರೂ ಅದು ನಿಲ್ಲುವುದಿಲ್ಲ, ನೆನಪಿಸುವ ಕಿಟಕಿ ತೋರಿಸುತ್ತಾ ಇರುತ್ತದೆ. ಅದಕ್ಕೇ ಜನ ಉಚಿತ ಎಂದುಕೊಂಡಿದ್ದಾರೆ. ನನ್ನ ಅಭಿಪ್ರಾಯ ನೇರವಾಗಿದೆ: ಬೇಕಾದರೆ ಹಣ ಕೊಟ್ಟು ಕೊಳ್ಳಿ, ಬೇಡವಾದರೆ ತೆಗೆದು 7-ಜಿಪ್ ಹಾಕಿ. ರಾರ್ ಫೈಲು ಬಂದರೆ ಅದನ್ನು 7-ಜಿಪ್ ಬಿಚ್ಚುತ್ತದೆ. ರಾರ್ ಕಟ್ಟಲು ಮಾತ್ರ ವಿನ್‌ರಾರ್ ಬೇಕು, ಮನೆಯಲ್ಲಿ ಅದರ ಅಗತ್ಯ ತೀರಾ ಕಡಿಮೆ.

ಆದರೂ ವಿನ್‌ರಾರ್‌ನಲ್ಲಿ ಒಂದು ಗುಣ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ರಿಕವರಿ ರೆಕಾರ್ಡ್. ಕಟ್ಟಿನೊಳಗೆ ಒಂದಿಷ್ಟು ಹೆಚ್ಚುವರಿ ಮಾಹಿತಿ ಸೇರಿಸಿಡುತ್ತದೆ. ಫೈಲಿನ ಸ್ವಲ್ಪ ಭಾಗ ಕೆಟ್ಟರೂ ಆ ಮಾಹಿತಿಯಿಂದ ಮತ್ತೆ ಕಟ್ಟಿಕೊಳ್ಳಬಹುದು. ಕಾರವಾರದ ಉಪ್ಪುಗಾಳಿ, ಘಟ್ಟದ ಮೇಲೆ ತಿಂಗಳುಗಟ್ಟಲೆ ಬಿಡದ ಮಳೆಯ ತೇವ, ಇವುಗಳ ನಡುವೆ ಹಳೆಯ ಸಿಡಿ, ಡಿವಿಡಿಗಳಿಗೆ ಬೂಷ್ಟು ಹಿಡಿಯುವುದು ನಮಗೆ ಹೊಸತಲ್ಲ. ಒಂದೇ ಡಿವಿಡಿ ನಂಬಿ ಇಟ್ಟವರಿಗೆ ಈ ಗುಣದ ಬೆಲೆ ಗೊತ್ತಾಗುತ್ತದೆ. ಆದರೆ ಡಿಸ್ಕೇ ಪೂರ್ತಿ ಸತ್ತರೆ ಇದರಿಂದ ಉಪಯೋಗ ಇಲ್ಲ. ಎರಡು ಬೇರೆ ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಪ್ರತಿ ಇಡುವುದು ಅದಕ್ಕಿಂತ ದೊಡ್ಡ ರಕ್ಷಣೆ.

ಗುಂಡಿಗಳನ್ನು ಆರಿಸುವುದು

7-ಜಿಪ್‌ನಲ್ಲಿ ಕಟ್ಟಲು ಹೋದರೆ ಒಂದು ಕಿಟಕಿ ತುಂಬ ಆಯ್ಕೆ. ಹೆದರಬೇಡಿ, ನೋಡಬೇಕಾದ್ದು ಮೂರ್ನಾಲ್ಕು.

ಕಂಪ್ರೆಷನ್ ಲೆವೆಲ್‌ನಲ್ಲಿ "ಅಲ್ಟ್ರಾ" ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ನಾರ್ಮಲ್‌ಗೂ ಅಲ್ಟ್ರಾಗೂ ಗಾತ್ರದಲ್ಲಿ ಸಿಗುವ ಲಾಭ ಸಣ್ಣದು, ಸಮಯ ಮಾತ್ರ ಜಾಸ್ತಿ. ಮಳೆಗಾಲದ ಸಂಜೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಊರಿನಲ್ಲಿ ಬೇಗ ಮುಗಿಯುವ ಕೆಲಸವೇ ಒಳ್ಳೆಯದು. ಫೋಟೋ, ವಿಡಿಯೋ ಕಟ್ಟುವಾಗ "ಸ್ಟೋರ್" ಎಂಬುದನ್ನು ಆರಿಸಿ. ಹಿಂಡುವ ಪ್ರಯತ್ನವನ್ನೇ ಮಾಡದೆ ಸುಮ್ನೆ ಒಟ್ಟು ಸೇರಿಸುತ್ತದೆ. ಹೇಗೂ ಚಿಕ್ಕದಾಗದ್ದನ್ನು ಹಿಂಡುವ ಕಾಲವೆಲ್ಲ ಉಳಿಯುತ್ತದೆ.

7ಜೆಡ್‌ನಲ್ಲಿ "ಸಾಲಿಡ್" ಎಂಬುದೊಂದಿದೆ. ಹಲವು ಫೈಲುಗಳನ್ನು ಒಂದೇ ಉದ್ದ ಫೈಲೆಂದು ಭಾವಿಸಿ ಹಿಂಡುವುದು. ಒಂದೇ ರೀತಿಯ ನೂರು ಅಕ್ಷರದ ಫೈಲಿದ್ದರೆ ಒಂದರಲ್ಲಿ ಬಂದ ಸಾಲು ಇನ್ನೊಂದರಲ್ಲೂ ಬರುತ್ತದೆ, ಹಾಗಾಗಿ ಗಾತ್ರ ತುಂಬ ಇಳಿಯುತ್ತದೆ. ಆದರೆ ನಡುವೆ ಎಲ್ಲೋ ಹಾಳಾದರೆ ಅದರ ಮುಂದಿನವೂ ಹೋಗುವ ಅಪಾಯ ಇದೆ. ಜಿಪ್‌ನಲ್ಲಿ ಪ್ರತಿ ಫೈಲು ಬೇರೆ ಬೇರೆಯಾಗಿ ಹಿಂಡಿರುತ್ತದೆ. ಒಂದು ಕೆಟ್ಟರೆ ಸಾಮಾನ್ಯವಾಗಿ ಉಳಿದವು ಸಿಗುತ್ತವೆ. ಬಹಳ ವರ್ಷ ಇಡುವ ಮನೆಯ ದಾಖಲೆಗೆ ನಾನು ಜಿಪ್ಪನ್ನೇ ಹೇಳುವುದು ಇದಕ್ಕಾಗಿ.

ತುಂಡು ಮಾಡುವ ಆಯ್ಕೆ ನಮ್ಮ ಕಡೆಗೆ ತುಂಬ ಉಪಯೋಗ. ಜಿಮೇಲ್ 25 ಎಂಬಿಗಿಂತ ದೊಡ್ಡದನ್ನು ನೇರ ಲಗತ್ತಿಸಲು ಬಿಡುವುದಿಲ್ಲ, ಡ್ರೈವ್ ಲಿಂಕ್ ಮಾಡುತ್ತದೆ. ಯಲ್ಲಾಪುರ, ಸಿದ್ದಾಪುರದ ಒಳ ಹಳ್ಳಿಗಳಲ್ಲಿ ಎರಡು ಜಿಬಿ ಒಟ್ಟಿಗೆ ಏರಿಸಲು ಹೋದರೆ ನೆಟ್‌ವರ್ಕ್ ನಡುವೆ ಕೈ ಕೊಡುತ್ತದೆ, ಮತ್ತೆ ಮೊದಲಿಂದ ಶುರು ಮಾಡಬೇಕಾಗಬಹುದು. 7-ಜಿಪ್‌ನಲ್ಲಿ ನೂರು ನೂರು ಎಂಬಿಯ ತುಂಡು ಮಾಡಿದರೆ ನಿಂತ ತುಂಡನ್ನು ಮಾತ್ರ ಮತ್ತೆ ಕಳಿಸಿದರಾಯಿತು. ಆ ಕಡೆಯವರು ಎಲ್ಲ ತುಂಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಮೊದಲ ತುಂಡನ್ನು 7-ಜಿಪ್‌ನಲ್ಲಿ ತೆರೆಯಬೇಕು. ಒಂದು ತುಂಡು ಕಳೆದರೂ ಪೂರ್ತಿ ಬಿಚ್ಚುವುದಿಲ್ಲ, ಅದನ್ನು ಅವರಿಗೆ ಮೊದಲೇ ಹೇಳಿ. ಪೆನ್‌ಡ್ರೈವಿನಲ್ಲಿ ಜಾಗ ಇದ್ದೂ ದೊಡ್ಡ ಫೈಲು ಹೋಗುತ್ತಿಲ್ಲ ಎಂದಾದರೆ ಅದು ಎಫ್‌ಎಟಿ32 ಬಗೆಯದ್ದಿರಬಹುದು. ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಅಲ್ಲೂ ತುಂಡು ಮಾಡುವುದೇ ದಾರಿ.

ಹಳೆಯ ವಿಂಡೋಸ್ ಕನ್ನಡ ಹೆಸರಿನ ಫೈಲನ್ನು ಜಿಪ್ ಮಾಡಲು ಒಪ್ಪುತ್ತಲೇ ಇರಲಿಲ್ಲ. ಕೆಲವು ಹಳೆಯ ಸಾಫ್ಟ್‌ವೇರಿನಲ್ಲಿ ಕಟ್ಟಿದ್ದನ್ನು ಬಿಚ್ಚಿದರೆ ಹೆಸರಿನ ಜಾಗದಲ್ಲಿ ಅರ್ಥವಾಗದ ಗುರುತುಗಳು ಬರುತ್ತವೆ. 2006ರ ನಂತರ ಜಿಪ್ ಪದ್ಧತಿಯಲ್ಲೇ ಯುಟಿಎಫ್-8 ಹೆಸರಿಗೆ ಜಾಗ ಮಾಡಿದ್ದಾರೆ. ಈಗಿನ 7-ಜಿಪ್, ವಿಂಡೋಸ್ 11 ಕನ್ನಡ ಹೆಸರನ್ನು ಚೆನ್ನಾಗಿ ಉಳಿಸುತ್ತವೆ. ಫೈಲಿನ ಒಳಗಿನ ಅಕ್ಷರಗಳು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ, ಯುನಿಕೋಡ್ ಬರುವ ಮುಂಚಿನ ರೀತಿಯಲ್ಲಿ ಇದ್ದರೆ ಮಾತ್ರ ಜಾಗ್ರತೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಓದಲು ಬರುವುದಿಲ್ಲ. ಕಟ್ಟಿಡುವಾಗ ಆ ಫಾಂಟ್ ಫೈಲನ್ನೂ ಅದರೊಳಗೇ ಇಡಿ. ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿ ಸೇರಿಸಿ. ಜಿಲ್ಲೆಯ ಎಷ್ಟೋ ಸಂಘಗಳ ಸ್ಮರಣ ಸಂಚಿಕೆಗಳು, ಕೈಬರಹದಿಂದ ಟೈಪಾದ ಪ್ರಸಂಗಗಳು ಆ ಕಾಲದವು. ಅವು ಫಾಂಟಿಲ್ಲದ ಕಾರಣಕ್ಕೆ ಕಳೆದುಹೋಗಬಾರದು.

ಯಕ್ಷಗಾನ, ತಾಳಮದ್ದಳೆಯ ಧ್ವನಿಮುದ್ರಣಕ್ಕೆ ಜಿಪ್ಪೂ ಬೇಡ, 7ಜೆಡ್ಡೂ ಬೇಡ. ಸಿಡಿ ಗುಣಮಟ್ಟದ ವೇವ್ ಫೈಲು (ಹಿಂಡದ ಧ್ವನಿ) ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. ಎಂಟು ಗಂಟೆಯ ರಾತ್ರಿಯಾಟ ಐದು ಜಿಬಿ ದಾಟುತ್ತದೆ. ಧ್ವನಿಯ ಅಲೆ ಅಕ್ಷರದ ಹಾಗೆ ಪುನರಾವರ್ತನೆ ಆಗುವುದಿಲ್ಲ, ಅದಕ್ಕೆ ಜಿಪ್‌ನ ಉಪಾಯ ಇಲ್ಲಿ ಸೋಲುತ್ತದೆ. 2001ರಲ್ಲಿ ಬಂದ ಫ್ಲಾಕ್ ಪದ್ಧತಿ ಧ್ವನಿಗೆಂದೇ ಮಾಡಿದ್ದು. ಮುಂದಿನ ಅಲೆ ಎಲ್ಲಿರಬಹುದು ಎಂದು ಅಂದಾಜು ಮಾಡಿ, ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸ ಮಾತ್ರ ಬರೆಯುತ್ತದೆ. ಗಾತ್ರ ಮೂಲದ ಹೆಚ್ಚು ಕಡಿಮೆ ಅರ್ಧದಿಂದ ಮುಕ್ಕಾಲು ಪಾಲಿಗೆ ಇಳಿಯುತ್ತದೆ, ಚಂಡೆಯ ಒಂದು ಪೆಟ್ಟೂ ಬದಲಾಗುವುದಿಲ್ಲ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ಫ್ಲಾಕ್ ಆಗಿ ಎಕ್ಸ್‌ಪೋರ್ಟ್ ಮಾಡಿದರಾಯಿತು. ಮೂಲವನ್ನು ಎಂಪಿ3 ಮಾಡಿ ವೇವ್ ಅಳಿಸಬೇಡಿ. ಎಂಪಿ3ಯಲ್ಲಿ ಹೋದದ್ದು ಮತ್ತೆ ಬರುವುದಿಲ್ಲ.

ಪಾಸ್‌ವರ್ಡ್ ಮತ್ತು ಸುರಕ್ಷತೆ

ಆಧಾರ್, ಪಹಣಿ, ಪಾಸ್‌ಬುಕ್ಕಿನ ಪ್ರತಿಗಳನ್ನು ಮೇಲ್‌ನಲ್ಲಿ ಹಾಗೇ ಕಳಿಸುವುದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಪಾಸ್‌ವರ್ಡ್ ಹಾಕಿ ಕಳಿಸಿ. ಆದರೆ ಯಾವ ಬೀಗ ಎಂಬುದು ಮುಖ್ಯ. ಜಿಪ್‌ನ ಹಳೆಯ ಬೀಗಕ್ಕೆ ಜಿಪ್‌ಕ್ರಿಪ್ಟೊ ಎನ್ನುತ್ತಾರೆ. ಅದನ್ನು ಒಡೆಯುವ ದಾರಿಯನ್ನು 1994ರಲ್ಲೇ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಒಳಗಿರುವ ಒಂದು ಫೈಲಿನ ಸ್ವಲ್ಪ ಭಾಗ ಗೊತ್ತಿದ್ದರೆ ಪಾಸ್‌ವರ್ಡ್ ಇಲ್ಲದೆಯೂ ತೆರೆಯಬಹುದು. 7-ಜಿಪ್‌ನಲ್ಲಿ ಜಿಪ್ ಆರಿಸಿದರೆ ಈ ಹಳೆಯ ಬೀಗವೇ ಮೊದಲು ಕಾಣುತ್ತದೆ. ಅದನ್ನು ಎಇಎಸ್-256 ಎಂಬ ಗಟ್ಟಿ ಬೀಗಕ್ಕೆ ನೀವೇ ಬದಲಿಸಬೇಕು. ಇದನ್ನು ಮರೆಯಬೇಡಿ.

ಎಇಎಸ್ ಬೀಗದ ಜಿಪ್ಪನ್ನು ವಿಂಡೋಸ್‌ನ ಸ್ವಂತ ಸೌಲಭ್ಯದಲ್ಲಿ ಬಿಚ್ಚಲು ಹೋದರೆ ತಕರಾರು ಬರುತ್ತದೆ, ಹಾಗಾಗಿ ಆ ಕಡೆಯೂ 7-ಜಿಪ್ ಇರಲಿ. ಇನ್ನೊಂದು, ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿದರೂ ಒಳಗಿನ ಫೈಲುಗಳ ಹೆಸರು ಎಲ್ಲರಿಗೂ ಕಾಣುತ್ತದೆ. ಹೆಸರನ್ನೂ ಮುಚ್ಚಬೇಕಾದರೆ 7ಜೆಡ್ ಆರಿಸಿ "ಎನ್‌ಕ್ರಿಪ್ಟ್ ಫೈಲ್ ನೇಮ್ಸ್" ಒತ್ತಬೇಕು. ಆದರೆ ಹಾಗೆ ಹೆಸರು ಮುಚ್ಚಿದ್ದನ್ನು ಜಿಮೇಲ್ ತಡೆಯಬಹುದು. ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆಯಬೇಡಿ, ಫೋನಿನಲ್ಲಿ ಹೇಳಿ. ಮನೆಯಲ್ಲಿ ಒಂದು ಪುಸ್ತಕದಲ್ಲೂ ಬರೆದಿಡಿ. ಎಇಎಸ್ ಹಾಕಿದ ಕಟ್ಟಿನ ಒಳ್ಳೆಯ ಪಾಸ್‌ವರ್ಡ್ ಮರೆತರೆ ಯಾವ ಅಂಗಡಿಯವರೂ ತೆರೆದುಕೊಡಲಾರರು.

ಸಾಫ್ಟ್‌ವೇರನ್ನು ಎಲ್ಲಿಂದ ಇಳಿಸುತ್ತೀರಿ ಎಂಬುದು ಯಾವುದನ್ನು ಇಳಿಸುತ್ತೀರಿ ಎಂಬಷ್ಟೇ ದೊಡ್ಡ ವಿಷಯ. 7-ಜಿಪ್‌ನ ಸ್ವಂತ ತಾಣ 7-ಜಿಪ್ ಡಾಟ್ ಆರ್ಗ್. ಅದನ್ನು ಹೋಲುವ ಹೆಸರಿನ ಬೇರೆ ತಾಣಗಳು ಅಧಿಕೃತವಲ್ಲ. ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ. ವಿಳಾಸವನ್ನು ನೀವೇ ಟೈಪ್ ಮಾಡಿ.

ಹಾಕಿದ ಮೇಲೆ ಅಪ್‌ಡೇಟ್ ಮಾಡುವುದನ್ನೂ ನೀವೇ ನೆನಪಿಟ್ಟುಕೊಳ್ಳಬೇಕು. 7-ಜಿಪ್ಪೂ ವಿನ್‌ರಾರೂ ತಾವಾಗಿ ಹೊಸದಾಗುವುದಿಲ್ಲ. ಇದು ಸಣ್ಣ ಮಾತಲ್ಲ. ವಿನ್‌ರಾರ್‌ನಲ್ಲಿ 19 ವರ್ಷದಿಂದ ಇದ್ದ ಒಂದು ದೋಷ 2019ರಲ್ಲಿ ಬೆಳಕಿಗೆ ಬಂತು. 2023ರಲ್ಲಿ ಇನ್ನೊಂದು: ಕಟ್ಟಿನೊಳಗಿನ ಚಿತ್ರವೊಂದನ್ನು ತೆರೆದರೆ ಸಾಕು, ಕೆಟ್ಟ ಪ್ರೋಗ್ರಾಮ್ ಓಡುತ್ತಿತ್ತು. ಅದನ್ನು 6.23ನೇ ಆವೃತ್ತಿಯಲ್ಲಿ ಸರಿಪಡಿಸಿದರು. 2025ರಲ್ಲಿ ಸಿಕ್ಕಿದ್ದಕ್ಕೆ 7.13ರಲ್ಲಿ ಪರಿಹಾರ ಬಂತು. 7-ಜಿಪ್ಪೂ ಹೊರತಲ್ಲ. ಇಂಟರ್ನೆಟ್ಟಿನಿಂದ ಬಂದ ಫೈಲಿಗೆ ವಿಂಡೋಸ್ ಹಾಕುವ ಎಚ್ಚರಿಕೆಯ ಗುರುತು, ಕೆಲವು ಕಟ್ಟುಗಳನ್ನು ಬಿಚ್ಚಿದಾಗ ಒಳಗಿನ ಫೈಲಿಗೆ ದಾಟುತ್ತಿರಲಿಲ್ಲ. ಅದು 24.09ರಲ್ಲಿ ಸರಿಯಾಯಿತು. ನಿಮ್ಮಲ್ಲಿರುವುದು ಇದಕ್ಕಿಂತ ಹಳೆಯದೇ ಎಂದು ಹೆಲ್ಪ್ ಮೆನುವಿನಲ್ಲಿ ಅಬೌಟ್ ಒತ್ತಿ ಇವತ್ತೇ ನೋಡಿ.

"ನಿಮ್ಮ ಪಾರ್ಸೆಲ್ ಬಿಲ್" ಎಂದು ಜಿಪ್ ಬಂದರೆ ಬಿಚ್ಚುವ ಮೊದಲು 7-ಜಿಪ್‌ನಲ್ಲಿ ತೆರೆದು ಒಳಗಿನ ಹೆಸರು ಮಾತ್ರ ನೋಡಿ. ಬಿಲ್ ಎಂದರೆ ಪಿಡಿಎಫ್ ಅಥವಾ ಚಿತ್ರ ಇರಬೇಕು. ಇಎಕ್ಸ್ಇ, ಜೆಎಸ್, ಎಲ್‌ಎನ್‌ಕೆ, ಎಸ್‌ಸಿಆರ್ ಎಂದು ಕೊನೆಯಾಗುವ ಹೆಸರಿದ್ದರೆ ಮುಟ್ಟದೆ ಅಳಿಸಿ. ಹೆಸರಿನ ಕೊನೆ ಕಾಣುವುದಿಲ್ಲ ಎಂದಾದರೆ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಆನ್ ಮಾಡಿಕೊಳ್ಳಿ.

ಮೂಲ ಅಳಿಸುವ ಮೊದಲು

ಕಟ್ಟು ಮುಗಿಯಿತೆಂದು ಮೂಲ ಫೋಲ್ಡರನ್ನು ಕೂಡಲೇ ಅಳಿಸಬೇಡಿ. ಜಿಪ್ ಮಾಡುವಾಗ ಪ್ರತಿ ಫೈಲಿಗೂ ಸಿಆರ್‌ಸಿ ಎಂಬ ಒಂದು ಲೆಕ್ಕದ ಸಂಖ್ಯೆ ಬರೆದಿಟ್ಟಿರುತ್ತದೆ. 7-ಜಿಪ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ "ಟೆಸ್ಟ್ ಆರ್ಕೈವ್" ಒತ್ತಿದರೆ ಎಲ್ಲವನ್ನೂ ಒಳಗೊಳಗೇ ಬಿಚ್ಚಿ, ಆ ಸಂಖ್ಯೆ ಹೊಂದುತ್ತದೆಯೇ ಎಂದು ನೋಡುತ್ತದೆ. ಕಟ್ಟುತ್ತಿರುವಾಗ ಕರೆಂಟು ಹೋಗಿ ಬಂದಿದ್ದರೆ ಅರ್ಧ ಆದ ಆ ಕಟ್ಟನ್ನು ಅಳಿಸಿ, ಹೊಸದಾಗಿ ಕಟ್ಟಿ, ಆಮೇಲೆ ಈ ಪರೀಕ್ಷೆ ಮಾಡಿ. ಎಕ್ಸ್‌ಟರ್ನಲ್ ಡಿಸ್ಕಿಗೆ ಪ್ರತಿ ಮಾಡಿದ ಮೇಲೆ ಅಲ್ಲಿರುವ ಪ್ರತಿಯ ಮೇಲೂ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ, ಕೇಬಲ್ಲಿನಲ್ಲಿ, ಡಿಸ್ಕಿನಲ್ಲಿ ಆದ ತಪ್ಪು ಅಲ್ಲೇ ಸಿಗುತ್ತದೆ. ಕೊನೆಗೆ ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ, ಒಂದು ಫೋಟೋ, ಒಂದು ಕನ್ನಡ ಫೈಲು, ಒಂದು ವಿಡಿಯೋ ತೆರೆದು ನೋಡಿ. ಮೂರೂ ತೆರೆದರೆ ಮೂಲವನ್ನು ಅಳಿಸಬಹುದು.